ಕೆಂಪು ಮಹಾದೈತ್ಯ ‘ತಂಪು’ ನಕ್ಷತ್ರವೇ?

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ಶಾಲೆಯ ಆಕಾಶ ವೀಕ್ಷಣೆಗೆ ಫಲಕ ಮಾಡಿಸುತ್ತಿದ್ದೇವೆ. ಫ್ಲೆಕ್ಸ್ ಅಂಗಡಿಯವರು ಸಂಜೆ 5ರೊಳಗೆ ಮ್ಯಾಟರ್ ಕೊಡಿ ಅಂದಿದ್ದಾರೆ. ಆರಿದ್ರೆ ನಕ್ಷತ್ರದ ಚಿತ್ರದ ಕೆಳಗೆ ‘ತಂಪಾದ ಕೆಂಪು ಸೂಪರ್‌ಜೈಂಟ್’ ಎಂದು ಬರೆದಿದ್ದೇನೆ. ಸೂಪರ್‌ಜೈಂಟ್‌ಗೆ ಕನ್ನಡದಲ್ಲಿ ಏನೆನ್ನೋಣ? ರೋಹಿಣಿಗೆ ಆಗಲೇ ‘ಕೆಂಪು ದೈತ್ಯ’ ಎಂದು ಹಾಕಿಯಾಗಿದೆ. ಎರಡೂ ಬೇರೆ ಬೇರೆ ಎಂದು ಮಕ್ಕಳಿಗೆ ತಿಳಿಯಬೇಕು.

ಮರು: ದೈತ್ಯ ಯಾಕೆ? ಹೆಮ್ಮರ, ಹೆಬ್ಬಾಗಿಲು, ಹೆದ್ದಾರಿ ಇರುವ ನುಡಿ ನಮ್ಮದು. ‘ಹೆಜ್ಜುಕ್ಕಿ’ ಎನ್ನಿ, ಹಿರಿದಾದ ಚುಕ್ಕಿ. ಆರಿದ್ರೆಯೂ ಅಚ್ಚಗನ್ನಡವೇ, ಆರದೆ ಸುರಿಯುವ ಮಳೆಯಿಂದ ಬಂದ ಹೆಸರು.

ಮರು: ಅಲ್ಲ. ಸಂಸ್ಕೃತದ ‘ಆರ್ದ್ರಾ’, ಒದ್ದೆ ಎಂದರ್ಥ. ಆರಿದ್ರೆ ಅದರ ತದ್ಭವ. ‘ಆರಿದ್ರೆ–ಆರದೆ’ ಎಂಬ ಗಾದೆಯ ಪ್ರಾಸ ವ್ಯುತ್ಪತ್ತಿ ಆಗುವುದಿಲ್ಲ. ಆದೇಶ ಸಂಧಿಯಲ್ಲಿ ಕ, ತ, ಪಗಳು ಗ, ದ, ಬ ಆಗುತ್ತವೆ. ಚುಕ್ಕಿಯ ಚಕಾರ ಯಾವ ಸೂತ್ರದಿಂದ ಜಕಾರವಾಯಿತು?

ಮೇಷ್ಟ್ರೇ, ‘ಮಹಾದೈತ್ಯ’ ಎಂದು ಹಾಕಿ. ರೋಹಿಣಿ ಸೂರ್ಯನ ಸುಮಾರು 45 ಪಟ್ಟು ಅಗಲ. ಆರಿದ್ರೆ 700 ಪಟ್ಟಿನ ಆಸುಪಾಸು. ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯೂ ಅದರ ಹೊಟ್ಟೆಯೊಳಗೆ. ಕೊನೆಯೂ ಬೇರೆ: ರೋಹಿಣಿ ಹೊರಪದರ ಕಳಚಿ ಶ್ವೇತಕುಬ್ಜ ಎಂಬ ಪುಟ್ಟ ಬಿಳಿ ನಕ್ಷತ್ರವಾಗುತ್ತದೆ, ಆರಿದ್ರೆ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ಆ ‘ಮಹಾ’ ಸುಮ್ಮನೆ ಬಂದದ್ದಲ್ಲ.

ನನ್ನ ತಕರಾರು ‘ತಂಪಾದ’ ಎಂಬುದರ ಮೇಲೆ. ತಂಪು ಅಂದರೆ ಮಗುವಿಗೆ ಹೊಂಗೆಯ ನೆರಳು, ನೀರುಮಜ್ಜಿಗೆ. ಆರಿದ್ರೆಯ ಮೇಲ್ಮೈಯ ಬಿಸಿ ಸುಮಾರು 3,500 ಕೆಲ್ವಿನ್. ಕಬ್ಬಿಣ 1,811ಕ್ಕೇ ಕರಗುತ್ತದೆ. ಸೂರ್ಯನ 5,800ರ ಮುಂದೆ ಕಡಿಮೆ, ಅಷ್ಟೇ. ಕುಲುಮೆಯಲ್ಲಿ ನೋಡಿ: ಕಾಯುತ್ತಾ ಹೋದಂತೆ ಕಬ್ಬಿಣ ಮೊದಲು ಕೆಂಪಗಾಗುತ್ತದೆ, ಆಮೇಲೆ ಹಳದಿ, ಆಮೇಲೆ ಬೆಳ್ಳಗೆ. ನಕ್ಷತ್ರದ ಬಣ್ಣವೂ ಅದೇ ಲೆಕ್ಕ. ಬಿಸಿ ಕಡಿಮೆ ಎನ್ನುವುದು ‘ಕೆಂಪು’ ಎಂಬಲ್ಲೇ ಇದೆ. ‘ತಂಪಾದ’ ತೆಗೆಯಿರಿ.

ಮರು: ಅಂದರೆ ಸಾಲದ ಪದಗಳಲ್ಲೇ ಮಕ್ಕಳು ವಿಜ್ಞಾನ ಕಲಿಯಬೇಕು. ‘ಮಹಾ’ ಸಾಲ, ‘ದೈತ್ಯ’ ಸಾಲ. ಅದೂ ಗಾಳಿಗಿಂತ ಸಾವಿರಾರು ಪಟ್ಟು ತೆಳುವಾದ ಅನಿಲದ ಮುದ್ದೆಗೆ ದೈತ್ಯನ ಹೆಸರು!

ಮರು: ಯಕ್ಷಗಾನ ನೋಡಿದ ಮಗುವಿಗೆ ದೈತ್ಯ ಯಾರೆಂದು ಹೇಳಿಕೊಡಬೇಕಿಲ್ಲ. ಹೆಜ್ಜುಕ್ಕಿಗೆ ನೀವೇ ಹೋಗಿ ಅರ್ಥ ಹೇಳಬೇಕಾಗುತ್ತದೆ. ಹೆಸರು ಗಾತ್ರಕ್ಕೆ ಕೊಟ್ಟದ್ದು, ತೂಕಕ್ಕಲ್ಲ.

ಮರು: ‘ಆರಿದ್ರೆ: ಕೆಂಪು ಮಹಾದೈತ್ಯ’ ಎಂದು ಕಳಿಸಿದೆ, ‘ತಂಪಾದ’ ತೆಗೆದೆ. ಪಕ್ಕದಲ್ಲಿ ಕುಲುಮೆಯ ಚಿತ್ರವೂ ಬರುತ್ತದೆ. ಇಬ್ಬರಿಗೂ ವಂದನೆ.

ಮರು: ಸೂಪರ್‌ನೋವಾವನ್ನು ಹಾಗೇ ಬಿಟ್ಟಿರಾ?