ತಮ್ಮನ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ನಾಳ ಹರಿದಿರಬಹುದಂತೆ. ಇಆರ್‌ಸಿಪಿ ಮಾಡಿಸಬೇಕಾ, ಆಪರೇಷನ್ನಾ?

ಸುಂಕದಕಟ್ಟೆ_ಅಕ್ಕ

ಎಲ್ಲರಿಗೂ ನಮಸ್ಕಾರ. ತುಂಬಾ ಗಾಬರಿಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ನನ್ನ ತಮ್ಮನಿಗೆ 26 ವರ್ಷ. ಭಾನುವಾರ ರಾತ್ರಿ ಮಾಗಡಿ ರಸ್ತೆಯಲ್ಲಿ ಗುಂಡಿ ತಪ್ಪಿಸಲು ಹೋಗಿ ಬೈಕ್ ಸ್ಕಿಡ್ ಆಯಿತು. ಹ್ಯಾಂಡಲ್ ತುದಿ ಹೊಟ್ಟೆಗೆ ಗುದ್ದಿದೆ. ಹೊಕ್ಕುಳಿನ ಮೇಲ್ಗಡೆ ಒಂದು ರೂಪಾಯಿ ನಾಣ್ಯದಷ್ಟು ದುಂಡಗೆ ಕಂದಿದ್ದು ಬಿಟ್ಟರೆ ಮೇಲೆ ಏನೂ ಕಾಣಲಿಲ್ಲ. ತಾನೇ ಗಾಡಿ ಓಡಿಸಿಕೊಂಡು ಮನೆಗೆ ಬಂದ, ಮುದ್ದೆ ಉಂಡು ಮಲಗಿದ.

ಬೆಳಗ್ಗೆ ಎದ್ದರೆ ನೋವು ಬೆನ್ನಿಗೆ ಹೊಡೆಯುತ್ತಿದೆ, ಒಂದೇ ಸಮ ವಾಂತಿ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಸಂಜೆ ಹೊಟ್ಟೆ ಉಬ್ಬಿ ಗಟ್ಟಿಯಾಯಿತು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಿಟಿ ಸ್ಕ್ಯಾನ್‌ನಲ್ಲಿ ಪ್ಯಾಂಕ್ರಿಯಾಸ್ ಮಧ್ಯಭಾಗ ಹರಿದಿದೆ, ಸುತ್ತ ನೀರು ತುಂಬಿದೆ ಅಂತ ಬಂತು. ರಕ್ತದಲ್ಲಿ ಅಮೈಲೇಸ್ (ಪ್ಯಾಂಕ್ರಿಯಾಸ್‌ನ ಕಿಣ್ವ) ಜಾಸ್ತಿ ಇದೆ. "ಗ್ರೇಡ್ 3 ಇರಬಹುದು, ನಾಳ ಹರಿದಿದೆಯಾ ಅಂತ ನೋಡಬೇಕು" ಅಂದರು. ಇವತ್ತು ಬುಧವಾರ, ಎಂಆರ್‌ಸಿಪಿ ಅನ್ನುವ ಎಂಆರ್‌ಐ ಸ್ಕ್ಯಾನ್‌ಗೆ ಬರೆದಿದ್ದಾರೆ. ಸರ್ಜನ್ ಆಪರೇಷನ್‌ಗೆ ರೆಡಿ ಇರಿ ಅನ್ನುತ್ತಾರೆ. ಗ್ಯಾಸ್ಟ್ರೋ ಡಾಕ್ಟರ್ ಮೊದಲು ಇಆರ್‌ಸಿಪಿ (ಬಾಯಿಂದ ಸ್ಕೋಪ್ ಬಿಟ್ಟು ಮಾಡುವುದು) ಮಾಡಿ ನಾಳಕ್ಕೆ ಸ್ಟೆಂಟ್ (ಸಣ್ಣ ಕೊಳವೆ) ಹಾಕಿ ನೋಡೋಣ ಅನ್ನುತ್ತಾರೆ. ಹೊಟ್ಟೆಯೊಳಗೆ ಹರಿದದ್ದು ಬಾಯಿಂದ ಪೈಪ್ ಬಿಟ್ಟರೆ ಸರಿಹೋಗುತ್ತದಾ? ಪ್ಯಾಂಕ್ರಿಯಾಸ್ ಕತ್ತರಿಸಿದರೆ ಶುಗರ್ ಬರುತ್ತದೆ ಅಂತ ನಮ್ಮ ಚಿಕ್ಕಪ್ಪ ಬೇರೆ ಹೆದರಿಸಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಯಲಹಂಕ_ಅಪ್ಪ

ಅಕ್ಕಾ, ಧೈರ್ಯವಾಗಿರಿ. ನನ್ನ ಮಗನಿಗೆ 9 ವರ್ಷ ಇದ್ದಾಗ ಸೈಕಲ್ ಹ್ಯಾಂಡಲ್ ತಾಗಿ ಇದೇ ಆಗಿತ್ತು. ನಮಗೆ ಮೊದಲ ದಿನ ಅಮೈಲೇಸ್ ನಾರ್ಮಲ್ ಬಂದಿತ್ತು, ಮನೆಗೆ ಹೋಗಿ ಅಂದುಬಿಟ್ಟಿದ್ದರು. ಮಾರನೇ ದಿನ ಮತ್ತೆ ರಕ್ತ ತೆಗೆದರೆ ಏರಿತ್ತು. ಎರಡನೇ ಸಿಟಿಯಲ್ಲಿ ಹರಿದದ್ದು ಕಾಣಿಸಿತು. ಅದಕ್ಕೇ ಹೇಳುತ್ತೇನೆ, ಒಂದು ರಿಪೋರ್ಟ್ ಚೆನ್ನಾಗಿ ಬಂತು ಅಂತ ಸುಮ್ನೆ ಇರಬೇಡಿ.

ಅವನಿಗೆ ಇಆರ್‌ಸಿಪಿ ಮಾಡಿ ಸಣ್ಣ ಪ್ಲಾಸ್ಟಿಕ್ ಸ್ಟೆಂಟ್ ಹಾಕಿದರು. ಆರು ವಾರಕ್ಕೆ ತೆಗೆದರು. ಈಗ ಆರಾಮಾಗಿದ್ದಾನೆ. ಕಷ್ಟ ಆಗಿದ್ದು ಊಟದ್ದು. ಮೂಗಿನಿಂದ ಕರುಳಿಗೆ ನಳಿಕೆ ಹಾಕಿ ಅದರಲ್ಲೇ ಫೀಡ್ ಕೊಡುತ್ತಿದ್ದರು, ಕೆನ್ನೆಯ ಮೇಲೆ ಪ್ಲಾಸ್ಟರ್ ಅಂಟಿಸಿ. ಪಕ್ಕದ ಬೆಡ್‌ನವರು ಇಡ್ಲಿ ಸಾಂಬಾರ್ ಪೊಟ್ಟಣ ಬಿಚ್ಚಿದರೆ ನನ್ನ ಮಗ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ನಾನೂ ಅವನೆದುರು ಊಟ ಮಾಡುವುದು ಬಿಟ್ಟೆ. ನಿಮ್ಮ ತಮ್ಮನಿಗೂ ಆ ದಿನಗಳು ಬಂದರೆ ಒಬ್ಬರು ಯಾವಾಗಲೂ ಜೊತೆಗಿರಿ.

ಸ್ಕೋಪ್_ಡಾಕ್ಟರ್

ನಾನು ಗ್ಯಾಸ್ಟ್ರೋಎಂಟರಾಲಜಿಸ್ಟ್. ಫಿಲ್ಮ್ ನೋಡದೆ ನಿಮ್ಮ ತಮ್ಮನಿಗೆ ಇದೇ ಮಾಡಿ ಅಂತ ಹೇಳಲಾರೆ, ಆದರೆ ಲೆಕ್ಕಾಚಾರ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಪ್ಯಾಂಕ್ರಿಯಾಸ್ ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುತ್ತದೆ; ಅದರ ಬಲತುದಿಗೆ ತಲೆ, ಎಡತುದಿಗೆ ಬಾಲ ಅನ್ನುತ್ತೇವೆ. ಹ್ಯಾಂಡಲ್ ಮುಂದಿನಿಂದ ಗುದ್ದಿದಾಗ ಅದು ಒರಳಿಗೂ ಗುಂಡುಕಲ್ಲಿಗೂ ನಡುವೆ ಸಿಕ್ಕ ಹಾಗೆ ಜಜ್ಜಿಹೋಗುತ್ತದೆ. ಗ್ರಂಥಿ ಮಾತ್ರ ಹರಿದಿದ್ದರೆ, ಅಂದರೆ ಗ್ರೇಡ್ 1 ಮತ್ತು 2, ಸಾಮಾನ್ಯವಾಗಿ ತಾನಾಗೇ ಮಾಯುತ್ತದೆ. ಒಳಗಿನ ನಾಳ ಹರಿದರೆ ಕಥೆಯೇ ಬೇರೆ. ಆ ನಾಳದ ಅಗಲ ಸುಮಾರು 3 ಮಿ.ಮೀ. ಅಷ್ಟೇ, ಆದರೆ ಅದರಲ್ಲಿ ದಿನಕ್ಕೆ ಒಂದು ಲೀಟರ್‌ಗಿಂತ ಜಾಸ್ತಿ ರಸ ಹರಿಯುತ್ತದೆ, ಊಟ ಕರಗಿಸುವ ರಸ. ಅದು ಹೊಟ್ಟೆಯೊಳಗೆ ಸೋರಿದರೆ ಸುತ್ತಲಿನ ಅಂಗಾಂಶವನ್ನೂ ಸುಡುತ್ತದೆ. ಎಡಭಾಗದಲ್ಲಿ ನಾಳ ಹರಿದರೆ ಗ್ರೇಡ್ 3, ತಲೆಯ ಕಡೆ ಹರಿದರೆ 4, ತಲೆ ಪೂರ್ತಿ ಜಜ್ಜಿದ್ದರೆ 5.

ಮೊದಲ ದಿನದ ಸಿಟಿಯಲ್ಲಿ ನಾಳ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಎಂಆರ್‌ಸಿಪಿ. ಅದರಲ್ಲಿ ಸ್ಕೋಪ್ ಇಲ್ಲ, ರೇಡಿಯೇಷನ್ ಇಲ್ಲ, ಹರಿದ ಜಾಗದ ಆಚೆಗಿನ ನಾಳವೂ ಕಾಣುತ್ತದೆ. ಆದರೆ ಈಗ ಈ ಕ್ಷಣ ಸೋರುತ್ತಿದೆಯಾ ಅಂತ ಅದರಲ್ಲಿ ಖಚಿತವಾಗಿ ಹೇಳುವುದು ಕಷ್ಟ. ಇಆರ್‌ಸಿಪಿಯಲ್ಲಿ ಸ್ಕೋಪನ್ನು ಸಣ್ಣ ಕರುಳಿನವರೆಗೆ ಬಿಟ್ಟು, ನಾಳ ತೆರೆಯುವ ಬಾಯಿಯಿಂದ ಡೈ ಹಾಕಿ ಎಕ್ಸ್‌ರೇ ನೋಡುತ್ತೇವೆ. ಸೋರುತ್ತಿದ್ದರೆ ಡೈ ನಾಳದಿಂದ ಆಚೆ ಹೊಗೆ ಹರಡಿದ ಹಾಗೆ ಹರಡುತ್ತದೆ. ಒಮ್ಮೆ ಕಂಡರೆ ಮರೆಯುವ ಚಿತ್ರವಲ್ಲ ಅದು.

ಈಗ ನಿಮ್ಮ ಪ್ರಶ್ನೆಗೆ. ಸ್ಟೆಂಟ್ ಹರಿದದ್ದನ್ನು ಹೊಲಿಯುವುದಿಲ್ಲ. ನಾಳದ ಬಾಯಲ್ಲಿ ಒಂದು ಸ್ನಾಯು ಬಿಗಿ ಹಿಡಿದಿರುತ್ತದೆ, ಅದರಿಂದ ಒಳಗೆ ಒತ್ತಡ ಇರುತ್ತದೆ. ಸ್ಟೆಂಟ್ ಆ ಬಿಗಿ ತಪ್ಪಿಸುತ್ತದೆ. ರಸಕ್ಕೆ ಕರುಳಿನ ಕಡೆಗೆ ಸುಲಭದ ದಾರಿ ಸಿಕ್ಕಿದರೆ ಅದು ಗಾಯದ ಕಡೆ ಹೋಗುವುದಿಲ್ಲ, ಗಾಯ ಒಣಗಲು ಪುರಸೊತ್ತು ಸಿಗುತ್ತದೆ. ನಾಳ ಅರ್ಧ ಹರಿದಿದ್ದು, ಸ್ಟೆಂಟ್‌ಗೆ ದಾರಿ ಮಾಡಲು ನಾವು ಬಿಡುವ ತಂತಿ ಗಾಯ ದಾಟಿ ಬಾಲದ ಕಡೆಗೆ ಹೋದರೆ, ಸ್ಟೆಂಟ್ ಸೇತುವೆಯ ಹಾಗೆ ಎರಡೂ ಕಡೆ ಕೂರುತ್ತದೆ. ಚೆನ್ನಾಗಿ ಗುಣವಾಗುವುದು ಇಂಥವರಿಗೇ.

ಪೂರ್ತಿ ತುಂಡಾಗಿದ್ದರೆ ತಂತಿ ದಾಟುವುದೇ ಇಲ್ಲ, ಗಾಯದ ಕುಳಿಯಲ್ಲೇ ಸುತ್ತಿಕೊಳ್ಳುತ್ತದೆ. ಆಗ ಸರ್ಜನ್ ಹೇಳುವ ಆಪರೇಷನ್ ಸರಿಯಾದ ದಾರಿ ಆಗಬಹುದು, ಬಾಲದ ಕಡೆಯ ಭಾಗ ತೆಗೆಯುವುದು. ಬಾಲದ ಪಕ್ಕದಲ್ಲೇ ಇರುವ ಗುಲ್ಮ (ಸ್ಪ್ಲೀನ್) ಉಳಿಸಲು ನೋಡುತ್ತಾರೆ, ಉಳಿಯದಿದ್ದರೆ ಆಮೇಲೆ ಕೆಲವು ಲಸಿಕೆ ಹಾಕಿಸಲೇಬೇಕು. ಚಿಕ್ಕಪ್ಪನವರ ಮಾತಿಗೆ: ಮೊದಲು ಆರೋಗ್ಯವಾಗಿದ್ದ ಹುಡುಗನಿಗೆ ಬಾಲದ ಭಾಗ ತೆಗೆದ ಮಾತ್ರಕ್ಕೆ ಶುಗರ್ ಬಂದೇ ಬರುತ್ತದೆ ಅಂತಲ್ಲ, ಆದರೆ ಅಪಾಯ ಇದೆ, ಆಗಾಗ ಪರೀಕ್ಷಿಸುತ್ತಿರಬೇಕು. ಬಿಪಿ ಬೀಳುತ್ತಿದ್ದರೆ, ಒಳಗೆ ರಕ್ತ ಸುರಿಯುತ್ತಿದ್ದರೆ, ಕರುಳೂ ತೂತಾಗಿದ್ದರೆ ಇಆರ್‌ಸಿಪಿ ಮಾತೇ ಬೇಡ, ನೇರ ಆಪರೇಷನ್.

ಇಆರ್‌ಸಿಪಿಯಿಂದಲೂ ತೊಂದರೆ ಆಗಬಹುದು. ಪ್ಯಾಂಕ್ರಿಯಾಸ್ ಊದಿಕೊಳ್ಳುವುದು, ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಕರುಳು ತೂತಾಗುವುದು. ಊತ ತಡೆಯಲು ಗುದದ್ವಾರದಿಂದ ಇಂಡೊಮೆಥಾಸಿನ್ 100 ಮಿ.ಗ್ರಾಂ. ಇಡುತ್ತೇವೆ. ಎಂಆರ್‌ಸಿಪಿ ಬಂದ ಮೇಲೆ ಇಬ್ಬರು ಡಾಕ್ಟರನ್ನೂ ಒಟ್ಟಿಗೆ ಕೂರಿಸಿ ಕೇಳಿ: ಹರಿದದ್ದು ಎಲ್ಲಿ, ಅರ್ಧವೋ ಪೂರ್ತಿಯೋ, ಇಲ್ಲಿ ಪ್ಯಾಂಕ್ರಿಯಾಸ್ ನಾಳಕ್ಕೆ ಸ್ಟೆಂಟ್ ಹಾಕಿ ಅಭ್ಯಾಸ ಇರುವವರು ಇದ್ದಾರಾ? ಪಿತ್ತನಾಳದ ಇಆರ್‌ಸಿಪಿ ತುಂಬಾ ಕಡೆ ಮಾಡುತ್ತಾರೆ, ಇದು ಅದಕ್ಕಿಂತ ಸೂಕ್ಷ್ಮ.

ಎಂಡೋಸ್ಕೋಪಿ_ಸಿಸ್ಟರ್

ಡಾಕ್ಟರ್ ಎಲ್ಲ ಹೇಳಿದ್ದಾರೆ. ನಾನು ರೂಮಿನೊಳಗಿನ ವಿಷಯ ಹೇಳುತ್ತೇನೆ. ಖಾಲಿ ಹೊಟ್ಟೆ ಇರಬೇಕು. ಅಲರ್ಜಿ, ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಇದ್ದರೆ ಕೇಳುವ ಮೊದಲೇ ಹೇಳಿ. ಎಂಆರ್‌ಸಿಪಿಗೆ ಹೋಗುವಾಗ ಸೊಂಟದ ಉಡಿದಾರದಲ್ಲಿ ತಾಯಿತ ಇದ್ದರೆ ಬಿಚ್ಚಿಟ್ಟು ಹೋಗಿ, ಎಷ್ಟೋ ಜನ ಮೆಷಿನ್ ಬಾಗಿಲವರೆಗೆ ಬಂದು ವಾಪಸ್ ಆಗುತ್ತಾರೆ. ಆಸ್ಪತ್ರೆ ಬದಲಿಸುವುದಾದರೆ ಸಿಟಿಯ ಸಿಡಿ ಕೈಯಲ್ಲೇ ಇರಲಿ. ರಿಪೋರ್ಟ್ ಹಾಳೆ ಸಾಕಾಗುವುದಿಲ್ಲ. ರಸ್ತೆ ಅಪಘಾತ ಅಲ್ವಾ, ಎಂಎಲ್‌ಸಿ (ಆಸ್ಪತ್ರೆಯಿಂದ ಪೊಲೀಸರಿಗೆ ಹೋಗುವ ದಾಖಲೆ) ಆಗಿದೆಯಾ ನೋಡಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕೌಂಟರ್‌ನಲ್ಲಿ ಇವತ್ತೇ ವಿಚಾರಿಸಿ. ಸರ್ಕಾರಿ ಕಡೆ ನೋಡುವುದಾದರೆ ವಿಕ್ಟೋರಿಯಾ ಆವರಣದಲ್ಲೇ ಗ್ಯಾಸ್ಟ್ರೋ ಸಂಸ್ಥೆ ಇದೆ.

ಇನ್ನೊಂದು. ಸ್ಟೆಂಟ್ ತೆಗೆಯುವ ತಾರೀಖನ್ನು ಡಿಸ್ಚಾರ್ಜ್ ಹಾಳೆಯಲ್ಲಿ ಬರೆಸಿಕೊಳ್ಳಿ. ನೋವು ಹೋದ ಮೇಲೆ ಜನ ಬರುವುದೇ ಇಲ್ಲ, ಆಮೇಲೆ ಅದು ಕಟ್ಟಿಕೊಂಡು ಹೊಸ ತೊಂದರೆ ತಂದುಕೊಂಡು ಬರುತ್ತಾರೆ. ನೋಡಿ ನೋಡಿ ಹೇಳುತ್ತಿದ್ದೇನೆ.

ಸುಂಕದಕಟ್ಟೆ_ಅಕ್ಕ

ಶುಕ್ರವಾರ ರಾತ್ರಿ ಬರೆಯುತ್ತಿದ್ದೇನೆ. ಎಂಆರ್‌ಸಿಪಿಯಲ್ಲಿ ನಾಳ ಅರ್ಧ ಹರಿದಂತೆ ಕಾಣಿಸಿತು. ನೀವು ಹೇಳಿದ ಹಾಗೆ ಇಬ್ಬರನ್ನೂ ಒಟ್ಟಿಗೆ ಕೇಳಿದೆ. ಸರ್ಜನ್ನೇ "ಮೊದಲು ಅವರು ಪ್ರಯತ್ನಿಸಲಿ, ನಾನು ಇಲ್ಲೇ ಇರುತ್ತೇನೆ" ಅಂದರು. ನಿನ್ನೆ ಇಆರ್‌ಸಿಪಿ ಆಯಿತು. ತಂತಿ ದಾಟಿತಂತೆ. 5 ಫ್ರೆಂಚ್ ಅಳತೆಯ ಸ್ಟೆಂಟ್ ಹಾಕಿದ್ದಾರೆ, ಅದೇ ಥರದ್ದೊಂದನ್ನು ತೋರಿಸಿದರು, ಪೆನ್ನಿನ ರೀಫಿಲ್‌ಗಿಂತ ಸಣ್ಣ. ಇವತ್ತು ನೋವು ಕಡಿಮೆ ಇದೆ, ಬೆಳಗ್ಗೆ ನನ್ನ ಹತ್ತಿರ ಫೋನ್ ಚಾರ್ಜರ್ ಕೇಳಿದ. ಸಂಜೆ ಮಾತ್ರ 99.8 ಜ್ವರ ಇತ್ತು. ಇದು ಮಾಮೂಲಾ?

ಸ್ಕೋಪ್_ಡಾಕ್ಟರ್

ತಂತಿ ದಾಟಿದ್ದು ತುಂಬಾ ಒಳ್ಳೆಯ ಸುದ್ದಿ. 99.8ಕ್ಕೆ ಗಾಬರಿ ಬೇಡ, ಆದರೆ ಈಗಲೇ ಡ್ಯೂಟಿ ಡಾಕ್ಟರ್‌ಗೆ ತಿಳಿಸಿ. ರಾತ್ರಿ ಜ್ವರ ಏರಿದರೆ, ಚಳಿ ನಡುಕ ಬಂದರೆ, ಹೊಟ್ಟೆ ಮತ್ತೆ ಗಟ್ಟಿಯಾದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ, ಎಬ್ಬಿಸಿ ಕರೆಯಿರಿ. ಗಾಯದ ಸುತ್ತ ನಿಂತ ನೀರು ಎಷ್ಟೋ ಸಲ ತಾನಾಗೇ ಹೀರಿಹೋಗುತ್ತದೆ. ಹೋಗದೆ ಗಂಟು ಕಟ್ಟಿದರೂ ಸುಮಾರು ನಾಲ್ಕು ವಾರಕ್ಕೆ ಅದರ ಗೋಡೆ ಗಟ್ಟಿಯಾದ ಮೇಲೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಜಠರದೊಳಕ್ಕೇ ದಾರಿ ಮಾಡಿ ಖಾಲಿ ಮಾಡಬಹುದು. ಊಟ ಅವರು ಹೇಳಿದಾಗ ಮಾತ್ರ. ನಾಳೆ ರಕ್ತದ ರಿಪೋರ್ಟ್ ಬಂದ ಮೇಲೆ ಇಲ್ಲಿ ಬರೆಯಿರಿ, ನೋಡುತ್ತೇನೆ.