ಮೋಲ್ಡ್ ಹಾಕುವ ಮೊದಲು ಎ.ಸಿ. ಡಕ್ಟ್‌ಗೆ ಜಾಗ ಬಿಡಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೆಕ್ಯಾನಿಕಲ್ ಜೂನಿಯರ್ ಇಂಜಿನಿಯರ್. ತಾಲ್ಲೂಕು ಆಸ್ಪತ್ರೆಯ ಹೊಸ ಕಟ್ಟಡದ ಎ.ಸಿ., ಲಿಫ್ಟ್ ಕೆಲಸ ನನ್ನದು. ಮುಂದಿನ ವಾರ ಆಪರೇಷನ್ ಥಿಯೇಟರ್ ಮೇಲೆ ಮೋಲ್ಡ್ ಹಾಕುತ್ತಾರೆ. ಎ.ಸಿ. ಟೆಂಡರ್ ಇನ್ನೂ ಕರೆದಿಲ್ಲ. ಡಕ್ಟ್, ಅಂದರೆ ಎ.ಸಿ. ಗಾಳಿ ಸಾಗುವ ಕೊಳವೆ, ಇಳಿಸಲು ಮೋಲ್ಡಲ್ಲಿ ಜಾಗ ಬಿಡಿಸಬೇಕು. "ತೂತು ಆಮೇಲೆ ಕೊರೆದರಾಯ್ತು ಬಿಡಿ ಮೇಡಂ" ಅಂತಾರೆ ಸಿವಿಲ್ ಗುತ್ತಿಗೆದಾರರು. ಒಪ್ಪಿಕೊಳ್ಳಲಾ?

ಉತ್ತರ: ದಯವಿಟ್ಟು ಒಪ್ಪಬೇಡಿ ಮೇಡಂ. ನಾನು ಒಮ್ಮೆ ಒಪ್ಪಿದ್ದೆ. ಆಮೇಲೆ ನೋಡಿದರೆ ಡಕ್ಟ್ ಇಳಿಯಬೇಕಾದ ಜಾಗಕ್ಕೇ ಬೀಮ್ ಬಂದಿತ್ತು. ಬೀಮ್ ಕೊರೆಯುವ ಹಾಗಿಲ್ಲ. ಡಕ್ಟನ್ನು ಸುತ್ತಿ ಬಳಸಿ ತಂದೆವು, ಫಾಲ್ಸ್ ಸೀಲಿಂಗ್ ಕೆಳಗಿಳಿಯಿತು. ಓ.ಟಿ. (ಆಪರೇಷನ್ ಥಿಯೇಟರ್) ಲೈಟಿನ ತೋಳು ತಿರುಗಿಸಿದರೆ ಡಾಕ್ಟರ ತಲೆಗೆ ತಾಗುತ್ತಿತ್ತು. ಆ ರೂಮು ನೆನೆದರೆ ಈಗಲೂ ಸಂಕಟವಾಗುತ್ತದೆ.

ಟೆಂಡರ್ ಆಗದಿದ್ದರೂ ಅಂದಾಜು ಅಳತೆ ತೆಗೆಯಬಹುದು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಮಂಡಳಿ ಎನ್‌ಎಬಿಎಚ್‌ನ ಮಾರ್ಗಸೂಚಿ ಪ್ರಕಾರ ಓ.ಟಿ.ಯಲ್ಲಿ ಗಂಟೆಗೆ ಕನಿಷ್ಠ 20 ಸಲ ಗಾಳಿ ಬದಲಾಗಬೇಕು, ಅದರಲ್ಲಿ 4 ಸಲದಷ್ಟು ಹೊರಗಿನ ಗಾಳಿ. ರೂಮು 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ ಅಂದುಕೊಳ್ಳಿ. 4,000 ಘನ ಅಡಿ. ಗಂಟೆಗೆ 20 ಸಲ ಅಂದರೆ ನಿಮಿಷಕ್ಕೆ ಸುಮಾರು 1,333 ಘನ ಅಡಿ ಗಾಳಿ. ಡಕ್ಟಲ್ಲಿ ನಿಮಿಷಕ್ಕೆ 1,000 ಅಡಿ ವೇಗ ಇಟ್ಟರೆ 16 ಇಂಚು x 12 ಇಂಚಿನ ಡಕ್ಟ್ ಬೇಕು. ಇನ್ಸುಲೇಷನ್ ಸೇರಿಸಿ. ಶಾಖದ ಲೆಕ್ಕ ಹಾಕಿದಾಗ ಗಾಳಿ ಇನ್ನೂ ಜಾಸ್ತಿ ಬೇಕಾಗಬಹುದು, ಹಾಗಾಗಿ ಸ್ವಲ್ಪ ದೊಡ್ಡ ಜಾಗವನ್ನೇ ಕೇಳಿ. ರೂಮಿನ ಗಾಳಿಯನ್ನು ವಾಪಸ್ ಒಯ್ಯುವ ರಿಟರ್ನ್ ಡಕ್ಟ್ ಮರೆಯಬೇಡಿ.

ಆ ಜಾಗವನ್ನು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ, ಸುತ್ತ ಹೆಚ್ಚುವರಿ ಕಬ್ಬಿಣ ಎಷ್ಟು ಅಂತ ಅವರಿಂದಲೇ ಡ್ರಾಯಿಂಗ್‌ನಲ್ಲಿ ಬರೆಸಿ ಸಹಿ ಹಾಕಿಸಿ. ಕಬ್ಬಿಣ ಕಟ್ಟುವ ಮೊದಲು ನೀವೇ ಸೆಂಟ್ರಿಂಗ್ ಮೇಲೆ ಹತ್ತಿ. ಟೇಪ್ ಹಿಡಿದು ಪ್ಲೈ ಮೇಲೆ ಬಣ್ಣದಲ್ಲಿ ಗುರುತು ಹಾಕಿ. ಮೋಲ್ಡ್ ದಿನ ಬೆಳಿಗ್ಗೆ ಇನ್ನೊಂದು ಸಲ ಹೋಗಿ. ತೂತಿನ ಜಾಗ ಬಿಡಿಸಲು ಇಟ್ಟ ಮರದ ಬಾಕ್ಸ್ ಒಂದೊಂದು ಸಲ ಪಕ್ಕಕ್ಕೆ ಸರಿದಿರುತ್ತದೆ.

ಪ್ರಶ್ನೆ: ಲಿಫ್ಟ್‌ಗೂ ಹೀಗೇನಾ ಸರ್?

ಉತ್ತರ: ಹೌದು. ಸ್ಟ್ರೆಚರ್ ಹಿಡಿಸುವ ಲಿಫ್ಟಿನ ಗುಂಡಿ ಆಳ, ಒಳಗಿನ ಅಳತೆ ಈಗಲೇ ಗಟ್ಟಿ ಮಾಡಿಕೊಳ್ಳಿ. ಗುಂಡಿಗೆ ವಾಟರ್‌ಪ್ರೂಫಿಂಗ್ ಆಗಲೇಬೇಕು. ನಮ್ಮ ರಾಜ್ಯದಲ್ಲಿ ಲಿಫ್ಟ್ ಕೂರಿಸುವ ಮೊದಲು ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಬೇಕು, ಓಡಿಸಲು ಲೈಸೆನ್ಸ್ ಬೇಕು. ಉದ್ಘಾಟನೆ ದಿನ ಗೊತ್ತಾದ ಮೇಲೆ ಅರ್ಜಿ ಹಾಕಿದರೆ ಕಷ್ಟ.

ಪ್ರಶ್ನೆ (ಇನ್ನೊಬ್ಬರಿಂದ): ನಮ್ಮಲ್ಲಿ ಯಂತ್ರ ಸೈಟಿಗೆ ಬಂದ ಕೂಡಲೇ 90% ಬಿಲ್ ಕೊಟ್ಟಾಯ್ತು ಸರ್. ಈಗ ಗುತ್ತಿಗೆದಾರರು ಫೋನ್ ಎತ್ತುತ್ತಿಲ್ಲ.

ಉತ್ತರ: ನಿಮ್ಮದರಲ್ಲಿ ಈಗ ಉಳಿದಿರುವುದು ಬಾಕಿ 10% ಬಿಲ್, ಭದ್ರತಾ ಠೇವಣಿ ಮತ್ತು ಒಪ್ಪಂದದ ಷರತ್ತು. ಇವತ್ತೇ ಲಿಖಿತ ನೋಟಿಸ್ ಕೊಡಿ, ಫೋನ್ ನೆಚ್ಚಿಕೊಳ್ಳಬೇಡಿ. ಮೊದಲು ಪ್ರಶ್ನೆ ಕೇಳಿದ ಮೇಡಂ, ನಿಮಗೆ ಟೆಂಡರ್ ಇನ್ನೂ ಕೈಯಲ್ಲಿದೆ, ಅಲ್ವಾ? ಪರೀಕ್ಷೆ ಪಾಸಾದ ಮೇಲೆ ಕೊಡುವ ಕಂತು ದೊಡ್ಡದಿರಲಿ. ಯಾವ ಪರೀಕ್ಷೆ ಅಂತಲೂ ಬರೆಯಿರಿ: ಹೆಪಾ ಫಿಲ್ಟರ್ (ಗಾಳಿಯ ಅತಿ ಸಣ್ಣ ಕಣ ತಡೆಯುವ ಫಿಲ್ಟರ್) ಸೋರಿಕೆ, ಗಾಳಿಯ ಅಳತೆ, ಬಾಗಿಲು ಮುಚ್ಚಿದಾಗ ಪಕ್ಕದ ಕಾರಿಡಾರಿಗಿಂತ ಓ.ಟಿ. ಒಳಗೆ ಕನಿಷ್ಠ 2.5 ಪ್ಯಾಸ್ಕಲ್ ಹೆಚ್ಚು ಒತ್ತಡ. ಆಸ್ಪತ್ರೆಯ ಎಲೆಕ್ಟ್ರಿಷಿಯನ್‌ಗೆ ಫಿಲ್ಟರ್ ಬಿಚ್ಚಿ ಹಾಕಲು ಕಲಿಸುವುದನ್ನೂ ಅದರಲ್ಲೇ ಸೇರಿಸಿ. ನಾಳೆ ಯಂತ್ರ ನಿಂತಾಗ ಮೊದಲು ಓಡಿ ಬರುವವರು ಅವರೇ.