ಅಪ್‌ಡೇಟ್: ನಮ್ಮ ಆಲೆಮನೆ ಥ್ರಿಲ್ಲರ್‌ಗೆ ಕೊನೆ ಸಿಕ್ಕಿತು
ಥ್ರಿಲ್ಲರ್ ಅಂದಮೇಲೆ ಕೊನೆಗೆ ವಿಲನ್ ಸಿಕ್ಕಿಬೀಳಲೇಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ ಅಲ್ವಾ, ನಮ್ಮ ಕಾಲೇಜಿನ ಕಿರುಚಿತ್ರದ ಎಡಿಟಿಂಗ್ ಮುಗಿಯಿತು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ತೆಗೆಸುತ್ತಿದ್ದ ಜಾಲ ಬಯಲಾಯಿತಲ್ಲ, ಕಥೆ ಹುಟ್ಟಿದ್ದು ಅಲ್ಲಿಂದಲೇ. ಲಿಂಗಪತ್ತೆ ಮಾಡಬಾರದು ಅಂತ 1994ರಲ್ಲೇ ಕಾನೂನು ಬಂದಿದೆ.

ಮುಖವಾಡದ ವಿಲನ್, ಚೇಸಿಂಗ್ ಎಲ್ಲ ಕೈಬಿಟ್ಟೆವು. ತಪ್ಪೆಲ್ಲ ಒಬ್ಬನ ತಲೆಗೆ ಕಟ್ಟಿದರೆ ಹೆಣ್ಣುಮಗು ಬೇಡ ಅಂದ ಮನೆಯವರು ಆರಾಮಾಗಿ ಪಾರಾಗಿಬಿಡುತ್ತಾರೆ. ಸಸ್ಪೆನ್ಸ್ ಮಾತ್ರ ಬಿಟ್ಟಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ, ಹಿಂದಿನ ಕೋಣೆಯ ಬಾಗಿಲು ಹಾಕಿದೆ, ಹೊರಗೆ ಅತ್ತೆ ಸೊಸೆಯ ಚಪ್ಪಲಿ ಕೈಯಲ್ಲಿ ಹಿಡಿದು ಕಾಯುತ್ತಿದ್ದಾರೆ, ಮ್ಯೂಸಿಕ್ಕೇ ಇಲ್ಲ. ಪೊಲೀಸರು ಬರುವುದು ಅರ್ಧದಲ್ಲೇ. ಆಮೇಲಿನದೆಲ್ಲ ಆ ಅತ್ತೆಯ ಮನೆಯ ಊಟದ ಪಂಕ್ತಿಯಲ್ಲಿ ನಡೆಯುತ್ತದೆ, ನನಗೆ ಜಾಸ್ತಿ ಭಯ ಆಗಿದ್ದೂ ಆ ಸೀನಿಗೇ.